ಎರೆಮಣ್ಣಿನ ತಗ್ಗಿಗೆ ಕೆಂಪುಮಣ್ಣಿನ ಲೆಕ್ಕ ಬೇಡ

ಪುಣೆಯಲ್ಲಿ ಪೈಪ್‌ಲೈನ್ ಕೆಲಸ ನಡೆಯುವ ಕಡೆ ಕಿವಿಗೊಟ್ಟರೆ ಎಷ್ಟೋ ಸಲ ತಗ್ಗಿನೊಳಗಿಂದ ವಿಜಯಪುರ, ಕಲಬುರಗಿ, ಯಾದಗಿರಿಯ ಕನ್ನಡ ಕೇಳಿಸುತ್ತದೆ. ಮೇಲೆ ನೆಟ್ಟ ಎಚ್ಚರಿಕೆಯ ಫಲಕ ಮಾತ್ರ ಮರಾಠಿಯದು, ಇಲ್ಲವೇ ಇಂಗ್ಲಿಷಿನದು.

ತಗ್ಗು ಕುಸಿದು ಕೆಲಸಗಾರರು ಹುಗಿಯದಂತೆ ತಡೆಯುವ ನಿಯಮದ ಮಟ್ಟಿಗೆ ಕರ್ನಾಟಕಕ್ಕೂ ಮಹಾರಾಷ್ಟ್ರಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಡಿ ಕರ್ನಾಟಕ 2006ರಲ್ಲಿ, ಮಹಾರಾಷ್ಟ್ರ 2007ರಲ್ಲಿ ನಿಯಮ ಮಾಡಿದವು. ಸರ್ಕಾರಿ ಟೆಂಡರಿನ ಸುರಕ್ಷತಾ ಷರತ್ತುಗಳೂ ಸರಿಸುಮಾರು ಒಂದೇ. ಆಳ 1.5 ಮೀಟರ್ ಮುಟ್ಟಿದರೆ ಪಕ್ಕಗಳನ್ನು ಇಳಿಜಾರಾಗಿ ಕಡಿಯಬೇಕು, ಇಲ್ಲವೇ ಹಲಗೆ-ಬಲ್ಲಿ (ಮರದ ಕಂಬ) ಆಸರೆ ಕೊಟ್ಟು ಹಿಡಿದಿಡಬೇಕು. ಅಗೆದ ಮಣ್ಣು ಅಂಚಿನಿಂದ 1.5 ಮೀಟರ್ ಅಥವಾ ಆಳದ ಅರ್ಧ, ಯಾವುದು ಹೆಚ್ಚೋ ಅಷ್ಟು ದೂರವಿರಬೇಕು. 30 ಮೀಟರಿಗೊಂದು ಏಣಿ, ಅದರ ತುದಿ ನೆಲದಿಂದ 90 ಸೆಂ.ಮೀ. ಮೇಲೆ. ಈ ಏಣಿಯ ಅಂತರ ನನಗೆ ಒಪ್ಪಿಗೆಯಿಲ್ಲ. ಕುಸಿತ ಒಂದೆರಡು ಸೆಕೆಂಡಿನ ಮಾತು. ಎರಡು ಏಣಿಗಳ ನಟ್ಟನಡುವೆ ಇದ್ದವನಿಗೆ ಅಷ್ಟರಲ್ಲಿ ಕೆಸರಿನಲ್ಲಿ 15 ಮೀಟರ್ ಓಡಲಾಗದು. ಅಮೆರಿಕದ ನಿಯಮದಲ್ಲಿ 25 ಅಡಿಯೊಳಗೆ ಏಣಿ ಸಿಗಲೇಬೇಕು. ನಮಗೂ ಅಷ್ಟಿರಲಿ.

ನಿಜವಾದ ಅಂತರ ಇರುವುದು ಮಣ್ಣಿನಲ್ಲಿ. ಗೋವಾದ ಗಟ್ಟಿ ಜಂಬಿಟ್ಟಿಗೆ ಕಲ್ಲು ನೆಟ್ಟಗೆ ಕಡಿದರೂ ನಿಲ್ಲುತ್ತದೆ. ಬೆಂಗಳೂರಿನ ಕೆಂಪುಮಣ್ಣು ಒಣಗಿರುವಷ್ಟು ದಿನ ಗೋಡೆಯ ಹಾಗೆ ನಿಂತು ನಂಬಿಸುತ್ತದೆ. ಪುಣೆಯ ಎಷ್ಟೋ ಕಡೆ ಮೇಲೆ ಎರೆ (ಕಪ್ಪುಮಣ್ಣು), ಕೆಳಗೆ ಗರಸು (ಜಲ್ಲಿ ಬೆರೆತ ಮಣ್ಣು), ಅದರ ಕೆಳಗೆ ಕಪ್ಪುಗಲ್ಲು. ಬೇಸಿಗೆಗೆ ಎರೆ ಬಿರಿಯುತ್ತದೆ. ಮೊದಲ ಮಳೆಯ ನೀರು ಬಿರುಕಿಗಿಳಿದು ಮಣ್ಣನ್ನು ತಗ್ಗಿನತ್ತ ನೂಕುತ್ತದೆ. ಕಲ್ಲಿನ ನೆತ್ತಿಯ ಮೇಲೆ ಹರಿದ ನೀರು ಬುಡ ಸಡಿಲಿಸುತ್ತದೆ. ಆಗ ಅದು ಪುಡಿಯಾಗಿ ಉದುರುವುದಿಲ್ಲ, ಚಪ್ಪಡಿ ಚಪ್ಪಡಿಯಾಗಿ ಮಗುಚುತ್ತದೆ. ಒಂದು ಘನ ಮೀಟರ್ ಮಣ್ಣು 1.6ರಿಂದ 2 ಟನ್. ಎದೆಯವರೆಗೆ ಹುಗಿದರೂ ಸಾಕು, ಉಸಿರು ಒಳಕ್ಕೆ ಎಳೆಯಲಾಗುವುದಿಲ್ಲ.

ಕೆಲಸಗಾರರ ಗುಂಪು ಒಂದು ವರ್ಷ ಬೆಂಗಳೂರು, ಮುಂದಿನ ವರ್ಷ ಗೋವಾ, ಆಮೇಲೆ ಪುಣೆ ಎಂದು ತಿರುಗುತ್ತದೆ. ಆಸರೆಯಿಲ್ಲದೆ ನೆಟ್ಟಗೆ ಕಡಿದು ಅಲ್ಲಿ ನಡೆದುಹೋದ ರೂಢಿ ಪುಣೆಗೂ ಬರುತ್ತದೆ. ಪೇಟೆಯೊಳಗಿನ ಅಪಾಯ ಇನ್ನೊಂದು: ಹೊಸ ತಗ್ಗಿನ ಪಕ್ಕದಲ್ಲೇ ಹಳೆಯ ನೀರಿನ ಪೈಪಿನದೋ ಕೇಬಲ್ಲಿನದೋ ಮುಚ್ಚಿದ ತಗ್ಗು. ನಡುವಿನ ಗೋಡೆ ಬರೀ ತುಂಬಿದ ಮಣ್ಣು. ಪೈಪು ಜಿನುಗುತ್ತಿದ್ದರಂತೂ ಮಳೆಯೇ ಬೇಕಿಲ್ಲ.

ಇಳಿಜಾರು ಕಡಿಯಿರಿ ಎನ್ನುವುದು ಸುಲಭ. ಒಂದು ಮೀಟರ್ ಅಗಲದ ತಳ, ಎರಡು ಮೀಟರ್ ಆಳ, ಒಂದಕ್ಕೊಂದರ ಇಳಿಜಾರು (ಮೀಟರ್ ಆಳಕ್ಕೆ ಎರಡೂ ಪಕ್ಕ ಒಂದೊಂದು ಮೀಟರ್) ಎಂದರೆ ಮೇಲೆ ಐದು ಮೀಟರ್ ಅಗಲ ಬೇಕು. ಪುಣೆಯ ಹಳೆಯ ಪೇಠಗಳ (ಪೇಟೆ ಬೀದಿಗಳ) ಗಲ್ಲಿಗಳೇ ಅಷ್ಟಿಲ್ಲ. ಅಲ್ಲಿ ಆಸರೆಯೇ ಗತಿ, ಮಣ್ಣನ್ನು ನೇರ ಟ್ರ್ಯಾಕ್ಟರಿಗೆ ತುಂಬಿ ಸಾಗಿಸುವುದೇ ದಾರಿ. ಆಸರೆಯನ್ನು ಮೇಲಿನಿಂದ ಕೆಳಕ್ಕೆ ಕೂರಿಸುತ್ತ ಹೋಗಬೇಕು. ಬಿಚ್ಚುವಾಗ ಕೆಳಗಿನಿಂದ, ಮಣ್ಣು ತುಂಬುತ್ತ ತುಂಬುತ್ತ. ಎಲ್ಲವನ್ನೂ ಮೊದಲೇ ಕಿತ್ತು ಆಮೇಲೆ ತುಂಬುವವರೇ ಹೆಚ್ಚು.

ಯಾಕೆ ಹೀಗೆ? ಟೆಂಡರಿನಲ್ಲಿ ‘ಶೋರಿಂಗ್ ಸೇರಿ’, ಅಂದರೆ ಆಸರೆಯೂ ಸೇರಿ ಎಂದು ಒಂದೇ ದರ ಬರೆದರೆ, ಹಾಕದ ಪ್ರತಿ ಹಲಗೆಯೂ ಗುತ್ತೇದಾರನಿಗೆ ಉಳಿತಾಯ. ಅದನ್ನು ಬೇರೆ ಐಟಂ ಮಾಡಿ, ಚದರ ಮೀಟರ್ ಅಳೆದು ದುಡ್ಡು ಕೊಡಬೇಕು. ಎರಡೂ ರಾಜ್ಯಗಳು ಮೊದಲು ಮಾಡಬೇಕಾದ್ದು ಇದೇ.

ಮಳೆಗಾಲಕ್ಕೆ ಮುಂಚೆ ರಸ್ತೆ ಅಗೆತ ಮುಗಿಸಬೇಕೆಂದು ಮುಂಬೈ, ಪುಣೆಯ ಪಾಲಿಕೆಗಳು ಗಡುವು ಹಾಕುವುದು ಒಳ್ಳೆಯ ಪದ್ಧತಿ. ಆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆ, ಮತ್ತೆ ಸೆಪ್ಟೆಂಬರ್-ಅಕ್ಟೋಬರಿನ ಜೋರು ಮಳೆ ಇರುವ ಬೆಂಗಳೂರಿಗೆ ತಾರೀಖಿನ ಗಡುವು ಹೊಂದದು. ಅಲ್ಲಿ ಪ್ರತಿ ಮಳೆಯ ಮರುದಿನ ತಪಾಸಣೆಯಾಗದೆ ಯಾರೂ ಇಳಿಯಬಾರದು.

ಆ ತಪಾಸಣೆಯ ಮಾತು ಇಳಿಯುವವರ ಭಾಷೆಯಲ್ಲಿರಬೇಕು. ಬೆಂಗಳೂರಿನಲ್ಲಿ ಹಿಂದಿ, ಒಡಿಯಾ, ಪುಣೆಯಲ್ಲಿ ಕನ್ನಡ. ದಿನಾ ಬೆಳಿಗ್ಗೆ ಮುಕಾದಮ (ಗುಂಪಿನ ಮೇಸ್ತ್ರಿ) ಇಷ್ಟು ಹೇಳಲಿ: ‘ತಗ್ಗಿನ ದಂಡಿಗುಂಟ ಬಿರುಕು ಕಂಡ್ರ ಇಳೀಬ್ಯಾಡ್ರಿ. ಜೆಸಿಬಿ ದಂಡಿಗೆ ಬಂದ್ರ ಮೇಲೆ ಬರ್ರಿ. ಯಾರರೆ ಹುಗದ್ರ ಮಷಿನ್ ಬಂದ್ ಮಾಡಸ್ರಿ, ಹಾರಬ್ಯಾಡ್ರಿ, ಮೊದಲ ಪಕ್ಕಕ್ಕ ಹಲಗಿ ಕೊಡ್ರಿ, ಆಮ್ಯಾಲೆ ಮಾರಿ-ಎದಿ ಸುತ್ತಲಿನ ಮಣ್ಣ ಕೈಲೆ ತಗೀರಿ.’