ಆ ನೀಲಿ ಆಕಾಶದ ಬಿಲ್ ಕಟ್ಟಿದವರು ಯಾರು?

ಯೂರೋಪಿನ ಯಾವುದೋ ತಿಳಿನೀರಿನ ನದಿಯ ಫೋಟೋ ಯಾರಾದರೂ ಹಾಕಿದರೆ ಸಾಕು, ಕೆಳಗೆ ಒಂದು ಮಾತು ಬಂದೇ ಬರುತ್ತದೆ. "ಶಿಸ್ತು ಅನ್ನೋದು ಅವರ ರಕ್ತದಲ್ಲೇ ಇದೆ, ನಮ್ಮ ಜನಕ್ಕೆ ಯಾವತ್ತೂ ಬುದ್ಧಿ ಬರಲ್ಲ." ಓದಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ನಾನು ಈಗ ಬದುಕುತ್ತಿರುವುದು ಜರ್ಮನಿಯ ರೂರ್ ಪ್ರದೇಶದಲ್ಲಿ. ಇಲ್ಲಿ ಐವತ್ತು ಲಕ್ಷ ಜನ ಇದ್ದಾರೆ. ಎಸ್ಸೆನ್, ಡಾರ್ಟ್‌ಮುಂಡ್, ಬೋಖುಮ್, ಡ್ಯುಸ್‌ಬುರ್ಗ್, ಒಂದು ಊರು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಯಿತು ಅಂತ ಗೊತ್ತಾಗುವುದಿಲ್ಲ. ಎಲ್ಲಿ ನೋಡಿದರೂ ಮರ. ಆದರೆ ಈ ಮರಗಳ ಹಿಂದಿನ ಕಥೆ ತಿಳಿದ ಮೇಲೆ ರಕ್ತದ ಮಾತು ಆಡಲು ಮನಸ್ಸು ಬರುವುದಿಲ್ಲ. ಈ ನೆಲವನ್ನು ಇದೇ ಜನ ಹಾಳು ಮಾಡಿದರು, ಇದೇ ಜನ ಸರಿ ಮಾಡಿದರು. ಖರ್ಚು ಮಾತ್ರ ಎಲ್ಲರ ಮೇಲೂ ಸಮನಾಗಿ ಬೀಳಲಿಲ್ಲ.

1850ರ ಹೊತ್ತಿಗೆ ಎಸ್ಸೆನ್ ಸುಮಾರು ಹತ್ತು ಸಾವಿರ ಜನರ ಸಣ್ಣ ಪೇಟೆ. 1910ಕ್ಕೆ ಅಲ್ಲಿ ಮೂರು ಲಕ್ಷದಷ್ಟು ಜನ. 1960ರ ಸುಮಾರಿಗೆ ಏಳು ಲಕ್ಷ ದಾಟಿತ್ತು. ಕೆಳಗೆ ಕಲ್ಲಿದ್ದಲು, ಮೇಲೆ ಕ್ರುಪ್ಪನ ಉಕ್ಕಿನ ಕಾರ್ಖಾನೆ, ಅದರ ಸುತ್ತ ರೈಲು. ಕೆಲಸಕ್ಕೆ ಕೈ ಸಾಲದೇ ಹೋದಾಗ ಏಜೆಂಟರು ಪೂರ್ವದ ಕಡೆ ಹೊರಟರು. ಆಗ ಪ್ರಷ್ಯಾ ಅನ್ನುವ ಜರ್ಮನ್ ರಾಜ್ಯದ ಕೈಯಲ್ಲಿದ್ದ ಪೋಜ಼ೆನ್, ಮಸೂರಿಯಾ, ಸೈಲೀಸಿಯಾದ ಹಳ್ಳಿಗಳಿಂದ ಪೋಲಿಷ್ ಮಾತಾಡುವ ರೈತರ ಮಕ್ಕಳನ್ನು ಕರೆತಂದರು. ಮೊದಲ ಮಹಾಯುದ್ಧದ ಹೊತ್ತಿಗೆ ಹೀಗೆ ಬಂದವರ ಸಂಖ್ಯೆ ಲಕ್ಷಗಟ್ಟಲೆ.

ಅವರಿಗೆ ಕಂಪನಿಯೇ ಮನೆ ಕಟ್ಟಿಸಿ ಕೊಡುತ್ತಿತ್ತು. ಓಬರ್‌ಹೌಸನ್‌ನಲ್ಲಿ ಐಸೆನ್‌ಹೈಮ್ ಅಂತ ಒಂದು ಕಾಲೊನಿ ಇದೆ, 1846ರಲ್ಲಿ ಶುರುವಾದದ್ದು. ಇಟ್ಟಿಗೆಯ ಪುಟ್ಟ ಮನೆಗಳು, ಹಿಂದೆ ಉದ್ದಕ್ಕೆ ಹಿತ್ತಲು. ಹಿತ್ತಲಲ್ಲಿ ಆಲೂಗಡ್ಡೆ, ಕೋಸು, ಒಂದು ಆಡು. ಆಡಿಗೆ ಇಲ್ಲಿನ ಜನ ಗಣಿ ಕೆಲಸದವನ ಹಸು ಅಂತಲೇ ಹೆಸರಿಟ್ಟಿದ್ದರು. ನೋಡಲು ಚೆಂದ. ಆದರೆ ಮನೆ ಕಂಪನಿಯದು ಅಂದರೆ ಕೆಲಸ ಬಿಟ್ಟ ದಿನ ಮನೆಯೂ ಹೋಯಿತು ಅಂತಲೇ ಅರ್ಥ. ಮುಷ್ಕರಕ್ಕೆ ಇಳಿಯುವ ಮುಂಚೆ ಹೆಂಡತಿ ಮಕ್ಕಳ ಮುಖ ನೋಡಬೇಕಿತ್ತು.

ದುಡಿಯಲು ಬೇಕಿದ್ದ ಜನ, ಮಾತಾಡಲು ಬೇಡವಾದರು. 1908ರ ಕಾನೂನು ಸಾರ್ವಜನಿಕ ಸಭೆಗಳಲ್ಲಿ ಜರ್ಮನ್ ಭಾಷೆಯನ್ನೇ ಬಳಸಬೇಕು ಅಂದಿತು. ಪೋಲಿಷ್ ಜನ ಶೇಕಡಾ 60ಕ್ಕಿಂತ ಜಾಸ್ತಿ ಇದ್ದ ಜಿಲ್ಲೆಗಳಿಗೆ ಮಾತ್ರ ಒಂದಷ್ಟು ಕಾಲ ವಿನಾಯಿತಿ. ರೂರ್‌ನಲ್ಲಿ ಅಷ್ಟು ದಟ್ಟವಾಗಿ ಅವರು ಎಲ್ಲಿದ್ದರು? ತಮ್ಮದೇ ಸಂಘದ ಸಾರ್ವಜನಿಕ ಸಭೆಯಲ್ಲಿ ತಮ್ಮದೇ ಭಾಷೆಯಲ್ಲಿ ಕಷ್ಟ ಹೇಳಿಕೊಳ್ಳುವಂತಿರಲಿಲ್ಲ. ಯುದ್ಧ ಮುಗಿದ ಮೇಲೆ ಬಹಳ ಜನ ಮತ್ತೆ ಹುಟ್ಟಿದ ಪೋಲೆಂಡಿಗೋ ಉತ್ತರ ಫ್ರಾನ್ಸಿನ ಗಣಿಗಳಿಗೋ ಹೊರಟುಹೋದರು. ಉಳಿದವರ ಹೆಸರುಗಳು ಇವತ್ತು ಇಲ್ಲಿನ ಮನೆಗಳ ಕರೆಗಂಟೆಯ ಮೇಲೆ ಸಿಗುತ್ತವೆ. ಗೆಲ್ಸೆನ್‌ಕಿರ್ಷೆನ್‌ನ ಶಾಲ್ಕೆ ಫುಟ್‌ಬಾಲ್ ತಂಡದ ಹಳೆಯ ದಂತಕಥೆಗಳಾದ ಕುಜ಼ೋರಾ ಮತ್ತು ಸ್ಚೆಪಾನ್ ಇಬ್ಬರೂ ಮಸೂರಿಯಾದಿಂದ ಬಂದ ಮನೆತನದವರೇ. ಜರ್ಮನಿ ತನ್ನದು ಅಂತ ಹೆಮ್ಮೆಪಡುವ ಆಟ ಅದು.

ಇನ್ನು ಹೊಗೆಯ ವಿಷಯ. 1900ರಲ್ಲಿ ಜಾರಿಗೆ ಬಂದ ಜರ್ಮನ್ ಸಿವಿಲ್ ಸಂಹಿತೆಯಲ್ಲಿ ಒಂದು ಕಲಂ ಇತ್ತು. ಪಕ್ಕದವನ ಹೊಗೆ, ಮಸಿ, ವಾಸನೆ ಆ ಜಾಗದಲ್ಲಿ ಮಾಮೂಲಿ ಆಗಿದ್ದರೆ ನೀನು ಸಹಿಸಿಕೊಳ್ಳಬೇಕು. ಸ್ವಲ್ಪ ಯೋಚಿಸಿ ನೋಡಿ. ನೂರು ಚಿಮಣಿ ಇರುವ ಊರಲ್ಲಿ ಹೊಗೆ ಮಾಮೂಲಿಯೇ ಅಲ್ವಾ? ಹಾಗಾಗಿ ಯಾವ ಊರು ಹೆಚ್ಚು ಹಾಳಾಗಿದೆಯೋ ಆ ಊರಿನವರಿಗೇ ದೂರು ಕೊಡುವ ಹಕ್ಕು ಕಡಿಮೆ. ಇದನ್ನು ಯಾವ ದಡ್ಡರೂ ಬರೆದಿರಲಿಲ್ಲ. ಓದಿ ಬಲ್ಲವರೇ ಬರೆದದ್ದು, ಕಾರ್ಖಾನೆ ನಿಲ್ಲಬಾರದು ಅಂತಲೇ ಬರೆದದ್ದು.

ನಮ್ಮ ಬಿಲ್ಡಿಂಗಿನ ಕೆಳಗಿನ ಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಅವರ ಅಮ್ಮ ಬಟ್ಟೆ ಒಣಹಾಕುವ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುತ್ತಿದ್ದರಂತೆ. ಆಮೇಲೆ ಒದ್ದೆ ಬಟ್ಟೆಯಿಂದ ಹಗ್ಗ ಒರೆಸುವುದು. ಒರೆಸಿದ ಬಟ್ಟೆ ಕಪ್ಪಗಾಗುತ್ತಿತ್ತು. ಅದಾದ ಮೇಲೆ ಬಿಳಿ ಚಾದರ ಹಾಕಿದರೂ ಸಂಜೆಗೆ ತೆಗೆಯುವಾಗ ಅದು ಬೂದು ಬಣ್ಣ. ಮತ್ತೆ ಒಗೆಯಬೇಕು. ಕಾರ್ಖಾನೆಯ ಲೆಕ್ಕದ ಪುಸ್ತಕದಲ್ಲಿ ಈ ಎರಡನೇ ಸಲದ ಒಗೆತಕ್ಕೆ ಸಂಬಳ ಬರೆದಿರಲಿಲ್ಲ. ಗಂಡಂದಿರ ಶ್ವಾಸಕೋಶದಲ್ಲಿ ಕೂತ ಕಲ್ಲಿನ ಪುಡಿಯ ರೋಗವನ್ನಾದರೂ 1929ರಲ್ಲಿ ವೃತ್ತಿಯ ಕಾಯಿಲೆ ಅಂತ ಸರ್ಕಾರ ಒಪ್ಪಿಕೊಂಡಿತು. ಹೆಂಗಸರ ಕೆಲಸವನ್ನು ಯಾರೂ ಎಣಿಸಲೇ ಇಲ್ಲ.

1961ರ ಚುನಾವಣೆಯಲ್ಲಿ ಸೋಶಿಯಲ್ ಡೆಮಾಕ್ರಟಿಕ್ ಪಕ್ಷದ ವಿಲ್ಲಿ ಬ್ರಾಂಟ್ ರೂರ್‌ನ ಆಕಾಶ ಮತ್ತೆ ನೀಲಿಯಾಗಬೇಕು ಅಂದರು. ಬಹಳ ಜನ ಅದನ್ನು ಕನಸುಗಾರನ ಮಾತು ಅಂದುಕೊಂಡರು. ಆ ಚುನಾವಣೆಯಲ್ಲಿ ಅವರು ಗೆಲ್ಲಲೂ ಇಲ್ಲ. ಆದರೆ ಮರುವರ್ಷ, 1962ರಲ್ಲಿ, ರೂರ್ ಇರುವ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯ ಜರ್ಮನಿಯಲ್ಲೇ ಮೊದಲು ಗಾಳಿಯ ರಕ್ಷಣೆಗೆ ಅಂತ ಕಾನೂನು ಮಾಡಿತು. ಅದೇ ಡಿಸೆಂಬರಿನಲ್ಲಿ ಹೊಗೆ ಮೇಲೇರದೆ ದಿನಗಟ್ಟಲೆ ಊರುಗಳ ಮೇಲೆ ಕೂತಿತು. ನೂರೈವತ್ತಕ್ಕೂ ಹೆಚ್ಚು ಜನ ಮಾಮೂಲಿಗಿಂತ ಜಾಸ್ತಿ ಸತ್ತರು. 1985ರ ಜನವರಿಯಲ್ಲೂ ಇಲ್ಲಿ ಹೊಗೆಯ ಕಾರಣಕ್ಕೆ ಕಾರು ಓಡಿಸಬೇಡಿ ಅಂತ ಆದೇಶ ಬಂದಿತ್ತು. 1985! ಈಗ ನಲವತ್ತು ದಾಟಿದ ನಮ್ಮಲ್ಲಿ ಎಷ್ಟೋ ಜನ ಆಗಲೇ ಹುಟ್ಟಿದ್ದೆವು.

ಮೊದಲು ಸಿಕ್ಕ ಪರಿಹಾರ ಕೂಡ ಪರಿಹಾರ ಆಗಿರಲಿಲ್ಲ. ಚಿಮಣಿ ಎತ್ತರ ಮಾಡಿದರು, ಅಷ್ಟೇ. ಹೊಗೆ ದೂರ ಹೋಯಿತು. ಇಲ್ಲಿನ, ಇಂಗ್ಲೆಂಡಿನ ಗಂಧಕವೆಲ್ಲ ಗಾಳಿಯಲ್ಲಿ ತೇಲಿಕೊಂಡು ಹೋಗಿ ಸ್ವೀಡನ್, ನಾರ್ವೆಯ ಮೇಲೆ ಆಮ್ಲಮಳೆಯಾಗಿ ಸುರಿಯಿತು. ಅಲ್ಲಿನ ಕೆರೆಗಳಲ್ಲಿ ಮೀನು ಸತ್ತವು. ಜರ್ಮನಿಯ ಕಾಡುಗಳೂ ಒಣಗುತ್ತಿವೆ ಅಂತ ಜನ ಬೀದಿಗಿಳಿದ ಮೇಲೆ, 1983ರಲ್ಲಿ, ದೊಡ್ಡ ವಿದ್ಯುತ್ ಸ್ಥಾವರಗಳು ಹೊಗೆಯಿಂದ ಗಂಧಕ ತೆಗೆಯಲೇಬೇಕು ಅನ್ನುವ ನಿಯಮ ಬಂತು.

ನನಗೆ ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಎಮ್ಶರ್ ನದಿಯ ಕಥೆ. ಈ ಪ್ರದೇಶದ ದಕ್ಷಿಣ ಭಾಗದಲ್ಲಿ ರೂರ್ ನದಿ, ಉತ್ತರ ಭಾಗದಲ್ಲಿ ಎಮ್ಶರ್ ಹರಿಯುತ್ತವೆ. ಕುಡಿಯಲು ರೂರ್ ನೀರು, ಕೊಳಕಿಗೆ ಎಮ್ಶರ್ ಅಂತ ಯೋಜನೆ ಹಾಕಿಯೇ ಹಂಚಿಬಿಟ್ಟರು. ಎಮ್ಶರ್ ನೋಡಿಕೊಳ್ಳಲು 1899ರಲ್ಲಿ ಊರುಗಳು, ಗಣಿಗಳು, ಕಾರ್ಖಾನೆಗಳು ಸೇರಿ ಒಂದು ಸಹಕಾರ ಸಂಘ ಮಾಡಿಕೊಂಡವು. ನೆಲದಡಿ ಚರಂಡಿ ಪೈಪ್ ಹಾಕಬಹುದಿತ್ತಲ್ಲ ಅಂತ ನೀವು ಕೇಳಬಹುದು. ಆಗುತ್ತಿರಲಿಲ್ಲ. ಕೆಳಗೆ ಕಲ್ಲಿದ್ದಲು ತೆಗೆದ ಹಾಗೆಲ್ಲ ಮೇಲಿನ ನೆಲ ಕುಸಿಯುತ್ತಿತ್ತು, ಕೆಲವು ಕಡೆ ಇಪ್ಪತ್ತು ಮೀಟರಿಗೂ ಹೆಚ್ಚು. ಪೈಪ್ ಹಾಕಿದರೆ ಒಡೆಯುತ್ತಿತ್ತು. ಹಾಗಾಗಿ ನದಿಯನ್ನೇ ನೇರ ಮಾಡಿ, ತಳಕ್ಕೆ ಕಾಂಕ್ರೀಟ್ ಹಾಸಿ, ಲಕ್ಷಾಂತರ ಮನೆಗಳ ಮಲವನ್ನೂ ಗಣಿಯ ಕಪ್ಪು ನೀರನ್ನೂ ತೆರೆದೇ ಹರಿಸಿದರು. ಎರಡೂ ಬದಿಗೆ ಬೇಲಿ, ಜೀವಕ್ಕೆ ಅಪಾಯ ಅನ್ನುವ ಬೋರ್ಡು. ಸುಮಾರು ನೂರು ವರ್ಷ ಹೀಗೇ ಇತ್ತು. ಬೇಸಿಗೆಯಲ್ಲಿ ಆ ದಂಡೆಯ ಮನೆಯವರು ಕಿಟಕಿ ತೆಗೆಯುತ್ತಿರಲಿಲ್ಲ.

ಗಣಿಗಳು ಮುಚ್ಚುತ್ತ ಬಂದು ನೆಲ ಕುಸಿಯುವುದು ನಿಂತಾಗಲೇ ಪೈಪ್ ಹಾಕಲು ಸಾಧ್ಯವಾದದ್ದು. 1992ರಿಂದ ಕೆಲಸ ಹಿಡಿದು, ಡಾರ್ಟ್‌ಮುಂಡ್‌ನಿಂದ ಡಿನ್ಸ್‌ಲಾಕನ್‌ವರೆಗೆ 51 ಕಿಲೋಮೀಟರ್ ಉದ್ದದ ದೊಡ್ಡ ಒಳಚರಂಡಿ ಕೊರೆದರು. ಕೆಲವು ಕಡೆ ನಲವತ್ತು ಮೀಟರ್ ಆಳ. ಒಟ್ಟು ಯೋಜನೆಗೆ ಸುಮಾರು 550 ಕೋಟಿ ಯೂರೋ. 2021ರ ಕೊನೆಗೆ ಎಮ್ಶರ್‌ಗೆ ಕೊಳಕು ಬೀಳುವುದು ಪೂರ್ತಿ ನಿಂತಿತು. ಈಗ ದಂಡೆಯ ಮೇಲೆ ಸೈಕಲ್ ದಾರಿ ಇದೆ. ಇದರಲ್ಲಿ ರಕ್ತ ಎಲ್ಲಿ ಬಂತು ಹೇಳಿ? ಮೂವತ್ತು ವರ್ಷ, ದುಡ್ಡು, ಮತ್ತು ನೂರು ವರ್ಷದಿಂದ ಕೊಳಕು ಮಾಡುವವರಿಂದಲೇ ವಂತಿಗೆ ವಸೂಲಿ ಮಾಡಿ ಗೊತ್ತಿದ್ದ ಒಂದು ಸಂಘ. ಈ ಮೂರೂ ಇದ್ದದ್ದಕ್ಕೆ ಆಯಿತು.

ಗಣಿ ಮುಚ್ಚಿದ ರೀತಿಯನ್ನೂ ನಾನು ಮನಸಾರೆ ಮೆಚ್ಚುತ್ತೇನೆ. 1958ರಲ್ಲೇ ಅಗ್ಗದ ಎಣ್ಣೆ, ಅಮೆರಿಕದ ಅಗ್ಗದ ಕಲ್ಲಿದ್ದಲಿನ ಎದುರು ಇಲ್ಲಿನ ಕಲ್ಲಿದ್ದಲು ನಿಲ್ಲಲಾರದು ಅಂತ ಗೊತ್ತಾಗಿತ್ತು. ಕೊನೆಯ ಗಣಿ, ಬೋಟ್ರೋಪ್‌ನದು, ಮುಚ್ಚಿದ್ದು 2018ರ ಡಿಸೆಂಬರ್ 21ರಂದು. ನಡುವೆ ಅರವತ್ತು ವರ್ಷ. ಅಷ್ಟು ಕಾಲ ಸರ್ಕಾರ ಸಬ್ಸಿಡಿ ಸುರಿಯಿತು. ದಂಡ ಅಂತ ಬೈದವರು ಬಹಳ. ಆದರೆ 1951ರ ಕಾನೂನಿನ ಪ್ರಕಾರ ಗಣಿ ಮತ್ತು ಉಕ್ಕಿನ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಕುರ್ಚಿ ಕಾರ್ಮಿಕರದು. ಯಾರನ್ನೂ ಬೀದಿಗೆ ಬಿಡಬಾರದು ಅಂತ ಅವರು ಪಟ್ಟು ಹಿಡಿದರು. ಭೂಮಿಯೊಳಗೆ ದುಡಿದವರಿಗೆ ಐವತ್ತಕ್ಕೇ ಮನೆಗೆ ಹೋಗುವ ಭತ್ಯೆ ಸಿಕ್ಕಿತು, ಚಿಕ್ಕವರಿಗೆ ಬೇರೆ ಕೆಲಸದ ತರಬೇತಿ. ಒಂದು ಪ್ರದೇಶದ ಅನ್ನ ಕಿತ್ತುಕೊಳ್ಳುವುದಾದರೆ ಹೀಗೆ ನಿಧಾನವಾಗಿ, ಮಾತಾಡಿಯೇ ಮಾಡಬೇಕು.

ಎಸ್ಸೆನ್‌ನ ತ್ಸೋಲ್‌ಫೆರೈನ್ ಗಣಿಗೆ ಹೋದರೆ ಕಾರ್ಮಿಕರ ಸ್ನಾನದ ಮನೆ ಇನ್ನೂ ಇದೆ. ಇಂಥ ಕಟ್ಟಡಗಳಲ್ಲಿ ಬಟ್ಟೆ ಇಡುವ ಕಪಾಟು ಇರುತ್ತಿರಲಿಲ್ಲ. ಪ್ರತಿಯೊಬ್ಬನಿಗೂ ಒಂದು ಸರಪಳಿ, ತುದಿಗೆ ಕೊಕ್ಕೆ. ಬಟ್ಟೆ ಸಿಕ್ಕಿಸಿ ಚಾವಣಿಗೆ ಎಳೆದು ಬೀಗ ಹಾಕುವುದು. ಮೇಲಿನ ಬಿಸಿ ಗಾಳಿಗೆ ಒದ್ದೆ ಬಟ್ಟೆ ಒಣಗುತ್ತಿತ್ತು. ಈಗ ಅಲ್ಲಿ ನೃತ್ಯ ನಡೆಯುತ್ತದೆ. 1986ರಲ್ಲಿ ಮುಚ್ಚಿದ ಆ ಗಣಿ 2001ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಪ್ರವಾಸಿಗರು ಬರುತ್ತಾರೆ, ಒಳ್ಳೆಯದೇ.

ಆದರೆ ಎಲ್ಲರಿಗೂ ಒಂದೇ ನ್ಯಾಯ ಸಿಗಲಿಲ್ಲ. 1961ರಲ್ಲಿ ಟರ್ಕಿಯ ಜೊತೆ ಒಪ್ಪಂದವಾಗಿ ಸಾವಿರಾರು ಗಂಡಸರು ಇಲ್ಲಿನ ಗಣಿಗಿಳಿದರು. 1973ರಲ್ಲಿ ಕರೆಸುವುದು ನಿಂತಿತು. 1983ರಲ್ಲಿ ಸರ್ಕಾರ, ವಾಪಸ್ ಹೋಗುವುದಾದರೆ 10,500 ಮಾರ್ಕ್ ಕೊಡುತ್ತೇವೆ ಅಂದಿತು. ಅಷ್ಟರಲ್ಲಿ ಅವರ ಮಕ್ಕಳು ಇಲ್ಲಿನ ಶಾಲೆಯಲ್ಲಿದ್ದರು. ಇಪ್ಪತ್ತು ವರ್ಷ ನೆಲದಡಿ ದುಡಿದವನಿಗೆ ಇದು ಎಂಥ ಮಾತು? ಇವತ್ತು ಎ40 ಹೆದ್ದಾರಿಯ ದಕ್ಷಿಣಕ್ಕೆ ಹಸಿರು ಗುಡ್ಡ, ಒಳ್ಳೆಯ ಶಾಲೆ, ದುಬಾರಿ ಮನೆ. ಉತ್ತರಕ್ಕೆ ಪೋಲಿಷ್ ಹೆಸರಿನವರ, ಟರ್ಕಿಯವರ ಮೊಮ್ಮಕ್ಕಳು. ಗೆಲ್ಸೆನ್‌ಕಿರ್ಷೆನ್‌ನಲ್ಲಿ 1959ರ ಹೊತ್ತಿಗೆ 3.9 ಲಕ್ಷ ಜನ ಇದ್ದರು. ಈಗ 2.6 ಲಕ್ಷದ ಆಸುಪಾಸು. ಇಡೀ ದೇಶದಲ್ಲಿ ನಿರುದ್ಯೋಗ, ಮಕ್ಕಳ ಬಡತನ ಅತಿ ಹೆಚ್ಚಿರುವ ಊರುಗಳಲ್ಲಿ ಅದೂ ಒಂದು. ಕೊಳಕು ಎಮ್ಶರ್ ಹರಿದದ್ದೂ ಅದೇ ಉತ್ತರದಲ್ಲಿ.

ಕೊಳಕೆಲ್ಲ ಹೋಯಿತು ಅನ್ನುವುದೂ ಅರ್ಧ ಸತ್ಯ. ಡಾರ್ಟ್‌ಮುಂಡ್‌ನ ಫೀನಿಕ್ಸ್ ಉಕ್ಕಿನ ಕಾರ್ಖಾನೆ 2001ರಲ್ಲಿ ನಿಂತಿತು. ಚೀನಾದಿಂದ ಕೆಲಸಗಾರರು ಬಂದು ಬೋಲ್ಟ್ ಬೋಲ್ಟ್ ಬಿಚ್ಚಿ ಅಲ್ಲಿಗೆ ಒಯ್ದರು. ಆ ಜಾಗದಲ್ಲಿ ಈಗ ಕೆರೆ, ಸುತ್ತ ಶ್ರೀಮಂತರ ಮನೆ. ಇಲ್ಲಿನ ಗಣಿ ಮುಚ್ಚಿ ಎರಡೇ ವರ್ಷಕ್ಕೆ, 2020ರಲ್ಲಿ, ಡಾಟೆಲ್ನ್‌ನಲ್ಲಿ ಹೊಸ ವಿದ್ಯುತ್ ಸ್ಥಾವರ ಶುರುವಾಯಿತು, ಹೊರದೇಶದ ಕಲ್ಲಿದ್ದಲು ಸುಡಲು. ನೆಲದಡಿಯ ನೀರು ಎತ್ತುವ ಪಂಪ್‌ಗಳಂತೂ ನಿಲ್ಲುವ ಹಾಗೇ ಇಲ್ಲ. ನಿಂತರೆ ಕುಸಿದ ಬಡಾವಣೆಗಳು ಮುಳುಗುತ್ತವೆ. ಆ ಖರ್ಚಿಗೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಕಟ್ಟಿದ್ದಾರೆ. ವರ್ಷ ವರ್ಷವೂ ಕೊಡಬೇಕು, ಮುಗಿಯುವ ದಿನಾಂಕ ಇಲ್ಲ.

ಬೋಖುಮ್, ಡಾರ್ಟ್‌ಮುಂಡ್ ಯೂನಿವರ್ಸಿಟಿಗಳಿಗೆ ಈಗ ನಮ್ಮ ಹುಡುಗ ಹುಡುಗಿಯರೂ ಓದಲು ಬರುತ್ತಾರೆ. ಅಗ್ಗದ ರೂಮು ಸಿಗುವುದು ಬಹಳ ಸಲ ಆ ಉತ್ತರದ ಬಡಾವಣೆಗಳಲ್ಲೇ. ಒಂದು ಭಾನುವಾರ ಎಮ್ಶರ್ ದಂಡೆಯಲ್ಲಿ ಸೈಕಲ್ ಹೊಡೆಯಿರಿ, ಐಸೆನ್‌ಹೈಮ್ ನೋಡಿ. ಎಪ್ಪತ್ತರ ದಶಕದಲ್ಲಿ ಅದನ್ನು ಕೆಡವಲು ಹೊರಟಾಗ ಅಲ್ಲಿನ ಬಾಡಿಗೆದಾರರೇ ಒಟ್ಟಾಗಿ ನಿಂತು ಉಳಿಸಿಕೊಂಡರು. ಆ ಮನೆಗಳಲ್ಲಿ ಇವತ್ತಿಗೂ ಜನ ವಾಸ ಮಾಡುತ್ತಿದ್ದಾರೆ.