ಮಾಲ್ ಮೆನಿಂಗಾ: ಗೆದ್ದ ತಂಡದಲ್ಲಿ ಕೋಚ್‌ನ ಪಾಲೆಷ್ಟು?

ಮಾಲ್ ಮೆನಿಂಗಾ ಮತ್ತೆ ಕ್ಲಬ್ ಕೋಚ್ ಆಗಲಿದ್ದಾರೆ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಪಂದ್ಯಾವಳಿಯಾದ ಎನ್‌ಆರ್‌ಎಲ್‌ಗೆ 2027ರಲ್ಲಿ ಸೇರಲಿರುವ ಪರ್ತ್ ಬೇರ್ಸ್ ತಂಡದ ಮೊದಲ ಕೋಚ್ ಆಗಿ 2025ರಲ್ಲಿ ಅವರ ಹೆಸರು ಪ್ರಕಟವಾದಾಗಿನಿಂದ ಹಳೆಯ ಮಾತೊಂದು ಮತ್ತೆ ಕೇಳಿಬರುತ್ತಿದೆ: ಅವರು ಹತ್ತು ವರ್ಷ ಕೋಚ್ ಆಗಿದ್ದ ಕ್ವೀನ್ಸ್‌ಲ್ಯಾಂಡ್ ರಾಜ್ಯ ತಂಡದ ಆ ಆಟಗಾರರು ಕೈಯಲ್ಲಿದ್ದಿದ್ದರೆ ಯಾರಾದರೂ ಗೆಲ್ಲುತ್ತಿದ್ದರು, ಅದರಲ್ಲಿ ಕೋಚ್‌ನ ಹೆಚ್ಚುಗಾರಿಕೆ ಏನಿದೆ? ಬ್ರಿಸ್ಬೇನ್‌ನಲ್ಲಿದ್ದುಕೊಂಡು ಕ್ರಿಕೆಟ್ಟಿನಷ್ಟೇ ಆಸ್ಥೆಯಿಂದ ಈ ಆಟವನ್ನು ನೋಡುವ ನನಗೆ ಈ ಮಾತಿನಲ್ಲಿ ಅರ್ಧ ಮಾತ್ರ ಸತ್ಯವಿದೆ ಎನಿಸುತ್ತದೆ.

ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ರಗ್ಬಿ ಲೀಗ್ ತಂಡಕ್ಕೆ ಹದಿಮೂರು ಜನರ ಆಟ. ಎದುರಾಳಿಗಳು ಆರು ಸಲ ಹಿಡಿದು ಕೆಡವುವುದರೊಳಗೆ ಅಂಕ ಗಳಿಸದಿದ್ದರೆ ಚೆಂಡು ಅವರ ಪಾಲಾಗುತ್ತದೆ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್ ನಡುವಿನ ಸ್ಟೇಟ್ ಆಫ್ ಒರಿಜಿನ್ ಪಂದ್ಯಗಳಲ್ಲಿ, ಆಟಗಾರ ಈಗ ಯಾವ ಊರಿನ ಕ್ಲಬ್ಬಿನಲ್ಲಿದ್ದರೂ ತನ್ನ ಮೂಲ ರಾಜ್ಯದ ಪರವಾಗಿಯೇ ಆಡುತ್ತಾನೆ.

ಮೆನಿಂಗಾ ಹುಟ್ಟಿದ್ದು 1960ರಲ್ಲಿ, ಕಬ್ಬಿನ ಸೀಮೆಯಾದ ಬಂಡಬರ್ಗ್‌ನಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಪೆಸಿಫಿಕ್ ದ್ವೀಪಗಳಿಂದ ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ತರಲ್ಪಟ್ಟವರ, ಎಷ್ಟೋ ಜನ ಮೋಸದಿಂದಲೋ ಬಲವಂತದಿಂದಲೋ ತರಲ್ಪಟ್ಟವರ, ವಂಶದ ಕುಡಿ ಅವರು. ಪೊಲೀಸ್ ಕೆಡೆಟ್ ಆಗಿದ್ದಾಗ ಸಿಕ್ಕ ಗುರು, ಮುಂದೆ ಹೆಸರಾಂತ ಕೋಚ್ ಆದ ವೇಯ್ನ್ ಬೆನೆಟ್. 1980ರ ಜುಲೈ 8ರಂದು, ತಮ್ಮ ಇಪ್ಪತ್ತನೆಯ ಹುಟ್ಟುಹಬ್ಬದ ದಿನವೇ, ಮೆನಿಂಗಾ ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್‌ನಲ್ಲಿ ಮೊಟ್ಟಮೊದಲ ಒರಿಜಿನ್ ಪಂದ್ಯವನ್ನಾಡಿ, ಒದ್ದ ಏಳು ಗೋಲುಗಳಲ್ಲಿ ಒಂದನ್ನೂ ತಪ್ಪಿಸಲಿಲ್ಲ. ಮುಂದೆ ಕ್ಯಾನ್‌ಬೆರಾ ರೈಡರ್ಸ್ ಕ್ಲಬ್ ಸೇರಿ, ಒಂದೇ ತೋಳನ್ನು ನಾಲ್ಕು ಬಾರಿ ಮುರಿದುಕೊಂಡೂ 1989, 1990 ಮತ್ತು 1994ರಲ್ಲಿ ನಾಯಕರಾಗಿ ಪ್ರಶಸ್ತಿ ಗೆದ್ದರು.

ಆಟಗಾರನಾಗಿ ಅವರು ಎಂಥವರು ಎಂಬುದಕ್ಕೆ ನಾನು ಕೊಡುವ ಉದಾಹರಣೆ 1990ರ ನವೆಂಬರಿನಲ್ಲಿ ಇಂಗ್ಲೆಂಡಿನ ಓಲ್ಡ್ ಟ್ರಾಫರ್ಡ್‌ನಲ್ಲಿ ಬ್ರಿಟನ್ ವಿರುದ್ಧ ನಡೆದ ರಗ್ಬಿ ಲೀಗ್ ಟೆಸ್ಟ್. ಆಸ್ಟ್ರೇಲಿಯಾ ಮೊದಲ ಟೆಸ್ಟ್ ಸೋತಿತ್ತು. ಈ ಪಂದ್ಯದಲ್ಲೂ ಆಸ್ಟ್ರೇಲಿಯಾದ ರಿಕಿ ಸ್ಟುವರ್ಟ್ ಎಸೆದ ಪಾಸೊಂದು ಬ್ರಿಟನ್ ಆಟಗಾರನ ಕೈಸೇರಿ ಟ್ರೈ (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸುವುದು) ಆಗಿ, ಅಂಕ 10-10ಕ್ಕೆ ಬಂದು ನಿಂತಿತ್ತು. ಕೊನೆಯ ಗಳಿಗೆಯಲ್ಲಿ ಅದೇ ಸ್ಟುವರ್ಟ್ ತಮ್ಮ ಪಾಳೆಯದಿಂದಲೇ ಚೆಂಡು ಹಿಡಿದು, ಪಾಸ್ ಕೊಡುವಂತೆ ನಟಿಸಿ, ರಕ್ಷಣೆಯನ್ನು ಸೀಳಿಕೊಂಡು ಓಡಿದರು. ಅವರ ಜೊತೆಜೊತೆಗೇ ಓಡುತ್ತಿದ್ದವರು ನಾಯಕ ಮೆನಿಂಗಾ. ಅಡ್ಡ ಬಂದ ಎದುರಾಳಿಯನ್ನು ಭುಜದಿಂದ ನೂಕಿ (ನಿಯಮದ ಪ್ರಕಾರ ಅದು ಸರಿಯಲ್ಲ ಎಂದು ಬ್ರಿಟಿಷರು ಈಗಲೂ ಗೊಣಗುತ್ತಾರೆ), ಪಾಸ್ ಪಡೆದು ಟ್ರೈ ಗಳಿಸಿದರು. ಸರಣಿ ಸಮವಾಯಿತು, ಮೂರನೆಯ ಟೆಸ್ಟನ್ನೂ ಗೆದ್ದರು. ತಪ್ಪು ಮಾಡಿದವನ ಪಕ್ಕದಲ್ಲಿ ಓಡುವ ಈ ಸ್ವಭಾವವೇ ಮುಂದೆ ಅವರ ಕೋಚಿಂಗ್‌ನ ಬಂಡವಾಳವಾಯಿತೆಂದು ನನ್ನ ಅಭಿಪ್ರಾಯ.

ಆದರೆ ಅದು ಎಲ್ಲ ಕಡೆಯೂ ನಡೆಯಲಿಲ್ಲ. 1997ರಿಂದ 2001ರವರೆಗೆ ಅವರು ರೈಡರ್ಸ್ ಕೋಚ್ ಆಗಿದ್ದರು, ಪ್ರಶಸ್ತಿ ಬರಲಿಲ್ಲ. 2001ರಲ್ಲೇ ಚುನಾವಣೆಗೆ ನಿಲ್ಲಲು ಹೊರಟು, ರೇಡಿಯೊ ಸಂದರ್ಶನದಲ್ಲಿ ಮಾತು ತಡವರಿಸಿ ಅಲ್ಲೇ ಹಿಂದೆ ಸರಿದರು. ತನಗೆ ಬಾರದ ಕೆಲಸವನ್ನು ಅಷ್ಟು ಬೇಗ ಗುರುತಿಸಿ ಬಿಟ್ಟ ರಾಜಕಾರಣಿ ಇನ್ನೊಬ್ಬರಿರಲಿಕ್ಕಿಲ್ಲ!

2006ರಲ್ಲಿ ಕ್ವೀನ್ಸ್‌ಲ್ಯಾಂಡ್ ಅವರ ಕೈಗೆ ಬಂದಾಗ ತಂಡ ಸತತ ಮೂರು ಸರಣಿಗಳನ್ನು ಸೋತಿತ್ತು. ‘ಯಾರಾದರೂ ಗೆಲ್ಲುತ್ತಿದ್ದರು’ ಎನ್ನುವವರು ಆ ವರ್ಷದ ತಂಡವನ್ನು ನೆನಪಿಸಿಕೊಳ್ಳಬೇಕು. ಬಿಲ್ಲಿ ಸ್ಲೇಟರ್ ಆಡಲಿಲ್ಲ, ಕೂಪರ್ ಕ್ರಾಂಕ್ ಇನ್ನೂ ಬಂದಿರಲಿಲ್ಲ, ಗ್ರೆಗ್ ಇಂಗ್ಲಿಸ್ ಹತ್ತೊಂಬತ್ತರ ಹುಡುಗ. ಮೊದಲ ಪಂದ್ಯವನ್ನು ಒಂದೇ ಅಂಕದಿಂದ ಸೋತರು, ಎರಡನೆಯದನ್ನು ಗೆದ್ದರು. ಮೆಲ್ಬರ್ನ್‌ನ ನಿರ್ಣಾಯಕ ಪಂದ್ಯದಲ್ಲಿ ಹಿಂದೆ ಬಿದ್ದಿದ್ದಾಗ ಎದುರಾಳಿಯ ದಿಕ್ಕುತಪ್ಪಿದ ಪಾಸೊಂದನ್ನು ನಾಯಕ ಡ್ಯಾರೆನ್ ಲಾಕಿಯರ್ ಕಸಿದು ಟ್ರೈ ಮಾಡಿ 16-14ರಲ್ಲಿ ಗೆಲ್ಲಿಸಿದರು. ಅಲ್ಲಿಂದ ಸತತ ಎಂಟು ಸರಣಿ. ಒಟ್ಟು ಹತ್ತು ವರ್ಷಗಳಲ್ಲಿ ಸೋತದ್ದು 2014ರಲ್ಲಿ ಮಾತ್ರ. ನಂತರದ ವರ್ಷಗಳಲ್ಲಿ ಕ್ಯಾಮರೂನ್ ಸ್ಮಿತ್, ಜೊನಾಥನ್ ಥರ್ಸ್ಟನ್, ಸ್ಲೇಟರ್‌ರಂಥ ದಿಗ್ಗಜರು ಒಟ್ಟಿಗಿದ್ದಾಗ ಕೋಚ್‌ನ ಕೆಲಸ ಹಗುರವಾಯಿತು ಎಂಬುದನ್ನು ಒಪ್ಪುತ್ತೇನೆ. ಆಸ್ಟ್ರೇಲಿಯಾ ಕೋಚ್ ಆಗಿ ಗೆದ್ದ 2017 ಮತ್ತು 2022ರ ವಿಶ್ವಕಪ್‌ಗಳ ಬಗ್ಗೆಯೂ ಅದೇ ಮಾತು.

ಕ್ಲಬ್ ಕೋಚಿಂಗ್ ಸಂಸಾರ ನಡೆಸಿದಂತೆ, ಒರಿಜಿನ್ ಮದುವೆ ಮಾಡಿ ಮುಗಿಸಿದಂತೆ. ಒಂದರಲ್ಲಿ ಗಾಯ, ಸಂಬಳ, ಮುನಿಸು, ಪ್ರತಿ ವಾರದ ಸೋಲುಗೆಲುವು. ಇನ್ನೊಂದರಲ್ಲಿ ಕೆಲವೇ ದಿನಗಳ ಶಿಬಿರದಲ್ಲಿ, ಬೇರೆ ಬೇರೆ ಕ್ಲಬ್ಬುಗಳಿಂದ ಬಂದವರಿಗೆ ಕ್ವೀನ್ಸ್‌ಲ್ಯಾಂಡಿನ ಆ ಮರೂನ್ ಅಂಗಿ ಏಕೆ ದೊಡ್ಡದು ಎಂದು ಮನವರಿಕೆ ಮಾಡಬೇಕು. ಮೊದಲ ಪಂದ್ಯದಲ್ಲೇ ಅದನ್ನು ತೊಟ್ಟವರ ಬಾಯಿಂದ ಆ ಮಾತಿಗೆ ಇರುವ ತೂಕ ಬೇರೆಯವರಿಗೆ ಬರುವುದು ಕಷ್ಟ.

ಪರ್ತ್‌ನಲ್ಲಿ ಈ ಅನುಕೂಲ ಯಾವುದೂ ಇಲ್ಲ. ಅಂಗಿಯೇ ಹೊಸದು, ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲನ್ನು ನೆಚ್ಚಿಕೊಂಡ ಊರು, ಒಳ್ಳೆಯ ಆಟಗಾರರನ್ನು ಅಷ್ಟು ದೂರ ಒಲಿಸಿ ಕರೆತರುವುದೇ ಮೊದಲ ಕೆಲಸ. ಆರಂಭದ ವರ್ಷಗಳಲ್ಲಿ ತಂಡ ಗೆಲ್ಲುವುದಕ್ಕಿಂತ ಸೋಲುವುದೇ ಹೆಚ್ಚೆಂದು ನನ್ನ ಅಂದಾಜು. ಆಗ ‘ನಾವು ಹೇಳಿರಲಿಲ್ಲವೇ’ ಎನ್ನುವವರಿಗೆ ಇರುವ ಉತ್ತರ 2006ರ ಸರಣಿಯೇ ಹೊರತು 2027ರ ಅಂಕಪಟ್ಟಿಯಲ್ಲ.