ಜವಾಬ್ದಾರಿ ದೊಡ್ಡವರದು

ಟೆಂಟಿನಲ್ಲಿ ರಾತ್ರಿ ಉಳಿದು ಕೇಳುವ ಸಂಗೀತೋತ್ಸವದ ಟಿಕೆಟ್ಟು, ಅದರ ಕೊನೆಯಲ್ಲಿ ಸಣ್ಣ ಅಕ್ಷರದ ಸಾಲೊಂದು ಇತ್ತಂತೆ. 18 ತುಂಬದವರು ಒಬ್ಬರೇ ಬರುವ ಹಾಗಿಲ್ಲ, ಮನೆಯ ದೊಡ್ಡವರೊಬ್ಬರು ಜೊತೆಗಿರಬೇಕು, ರಾತ್ರಿ ಟೆಂಟಿನಲ್ಲೂ. ನನ್ನ ತಂಗಿಯ ಮಗಳಿಗೆ 18 ತುಂಬಲು ಇನ್ನೂ ಎರಡು ತಿಂಗಳು ಬಾಕಿ. ತಂಗಿಗೆ ಆಫೀಸಿನಲ್ಲಿ ರಜೆ ಇಲ್ಲ. ತಂಗಿಯ ಗಂಡನಿಗೆ ಸೊಂಟ ನೋವು. ಸಂಗೀತದ ಸುದ್ದಿ ಬರುವ ಹಿಂದಿನ ದಿನದವರೆಗೂ ಆ ಸೊಂಟ ಚೆನ್ನಾಗಿಯೇ ಇತ್ತು, ಅದು ಬೇರೆ ಮಾತು. ಉಳಿದವಳು ರಿಟೈರ್ ಆಗಿ ಮನೆಯಲ್ಲಿ ಕೂತ ನಾನು.

"ದೊಡ್ಡಮ್ಮ, ನೀವು ಸುಮ್ನೆ ಬಂದ್ರೆ ಸಾಕು. ಏನೂ ಮಾಡ್ಬೇಕಾಗಿಲ್ಲ" ಅಂದಳು ಪುಟ್ಟಿ. ಒಂದು ಫಾರಂಗೆ ಸಹಿ ಹಾಕಿಸಿಕೊಂಡಳು. 'ಈ ಮಗುವಿನ ಪೂರ್ತಿ ಜವಾಬ್ದಾರಿ ನನ್ನದು' ಅನ್ನುವ ಅರ್ಥದ ಫಾರಂ. ಸಂಬಂಧ ಅನ್ನುವ ಕಡೆ ದೊಡ್ಡಮ್ಮ ಅಂತ ದೊಡ್ಡದಾಗಿಯೇ ಬರೆದೆ.

ಸಂಗೀತ ನನಗೇನು ಹೊಸದಲ್ಲ. ಹುಟ್ಟಿ ಬೆಳೆದದ್ದು ಚಾಮರಾಜಪೇಟೆ. ಅಲ್ಲಿ ಶ್ರೀರಾಮಸೇವಾ ಮಂಡಳಿಯವರು 1939ರಿಂದ ರಾಮನವಮಿಗೆ ಸಂಗೀತೋತ್ಸವ ನಡೆಸಿಕೊಂಡು ಬಂದಿದ್ದಾರೆ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ, ಅಪ್ಪನ ತೊಡೆಯ ಮೇಲೆ ತಲೆಯಿಟ್ಟು, ಮೃದಂಗದ ತನಿ ನಡೆಯುವಾಗಲೇ ಗೊರಕೆ ಹೊಡೆದವಳು ನಾನು. ಅಲ್ಲಿ ನಮಗಿದ್ದ ಸುರಕ್ಷತಾ ನಿಯಮ ಒಂದೇ. "ಚಪ್ಪಲಿ ಎಲ್ಲಿ ಬಿಟ್ಟಿದ್ದೀಯ, ನೆನಪಿಟ್ಕೋ" ಅನ್ನುತ್ತಿದ್ದರು ಅಪ್ಪ. ಅಷ್ಟು ವರ್ಷದಲ್ಲಿ ನನ್ನ ಒಂದು ಜೊತೆ ಚಪ್ಪಲಿಯೂ ಕಳೆದಿಲ್ಲ.

ಇಲ್ಲಿ ನಿಯಮಗಳು ಏಳು ಪುಟ. ಹೆಬ್ಬಾಳದ ಫ್ಲೈಓವರ್ ಮೇಲೆ ಟ್ರಾಫಿಕ್ ನಿಂತಿತ್ತು, ಪುಟ್ಟಿ ಮೊಬೈಲ್ ನೋಡಿ ಓದಿ ಹೇಳಿದಳು. ಗಾಜಿನ ಬಾಟಲಿ ಬೇಡ. ಚಾಕು ಬೇಡ. ಡ್ರೋನ್ ಬೇಡ (ನನ್ನ ಹತ್ತಿರ ಇರಲಿಲ್ಲ). ಟೆಂಟಿನೊಳಗೆ ಬೆಂಕಿ ಹಚ್ಚಬೇಡಿ. ತಿಂಡಿ ತೆರೆದಿಡಬೇಡಿ. ಜಿಪ್ ಯಾವಾಗಲೂ ಮುಚ್ಚಿರಲಿ. ಟೆಂಟಿಗೆ ಗುರುತಿಗೆ ಏನಾದರೂ ಕಟ್ಟಿ. ರಾತ್ರಿ ಒಬ್ಬರೇ ತಿರುಗಬೇಡಿ. ಮೊಬೈಲ್ ಸಿಗ್ನಲ್ ಸಿಗದಿರಬಹುದು, ಸೇರುವ ಜಾಗ ಮೊದಲೇ ಮಾತಾಡಿಕೊಳ್ಳಿ. ದೇವನಹಳ್ಳಿ ಬರುವ ಹೊತ್ತಿಗೆ ಐದನೇ ಪುಟ ಆಗಿತ್ತು, ನನಗೆ ನಿದ್ದೆಯೂ ಬಂದಿತ್ತು.

ಜಾಗ ದೇವನಹಳ್ಳಿ ದಾಟಿ, ನಂದಿ ಬೆಟ್ಟ ಕಾಣುವ ಒಂದು ದೊಡ್ಡ ಬಯಲು. ಗೇಟಿನಲ್ಲಿ ಸೆಕ್ಯುರಿಟಿಯವರು ನನ್ನ ಚೀಲ ಬಿಚ್ಚಿದರು. ಮಾತು ಕೇಳಿದರೆ ಮಂಡ್ಯ ಕಡೆಯ ಮನುಷ್ಯ. ಮೊದಲು ಸಿಕ್ಕಿದ್ದು ಮಿಡಿ ಉಪ್ಪಿನಕಾಯಿಯ ಬಾಟಲಿ.

"ಅಮ್ಮ, ಗಾಜು ಬಿಡಂಗಿಲ್ಲ."

"ಒಡೆಯಲ್ಲಪ್ಪ. ಇಪ್ಪತ್ತು ವರ್ಷದ ಹಾರ್ಲಿಕ್ಸ್ ಬಾಟ್ಲಿ ಇದು."

"ನಿಮ್ ಕೈಯಲ್ಲಿ ಒಡ್ಯಲ್ಲ ಕಣಮ್ಮ. ಕತ್ಲೇಲಿ ಹುಡುಗ್ರು ಬರಿಗಾಲಲ್ಲಿ ಕುಣೀತವೆ. ಒಂದು ಚೂರು ಹುಲ್ಲೊಳಗೆ ಸೇರ್ಕಂಡ್ರೆ ಹುಡುಕಕ್ಕಾಗಲ್ಲ."

ಮಾತಿನಲ್ಲಿ ತಪ್ಪೇನಿಲ್ಲ. ಆದರೆ ಮಿಡಿ ಉಪ್ಪಿನಕಾಯಿಯನ್ನು ಗೇಟಿನಲ್ಲಿ ಬಿಟ್ಟು ಹೋಗುವ ಸಂಸ್ಕಾರ ನಮ್ಮ ಮನೆಯದಲ್ಲ. ಅಲ್ಲೇ ನಿಂತು ಒಂದೊಂದೇ ಮಿಡಿಯನ್ನು ಕೋಡುಬಳೆ ಡಬ್ಬಿಯ ಮುಚ್ಚಳಕ್ಕೆ ಸಾಗಿಸಿದೆ. ನನ್ನ ಹಿಂದೆ ಮೂವತ್ತು ಜನರ ಸಾಲು. ಪುಟ್ಟಿ ನನಗೂ ತನಗೂ ಸಂಬಂಧವೇ ಇಲ್ಲದ ಹಾಗೆ ಬೆಟ್ಟ ನೋಡುತ್ತಿದ್ದಳು. ಸೆಕ್ಯುರಿಟಿಯವರಿಗೂ ಎರಡು ಮಿಡಿ ಕೊಟ್ಟೆ. ಆಮೇಲೆ ಚೀಲದಿಂದ ಸ್ಟೀಲ್ ಚೊಂಬು ಹೊರಬಂತು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಏಳು ಪುಟದಲ್ಲಿ ಚೊಂಬಿನ ಬಗ್ಗೆ ಒಂದು ಮಾತೂ ಇರಲಿಲ್ಲ. ಬಿಟ್ಟರು.

ನಮಗೆ ಕೊಟ್ಟ ಟೆಂಟನ್ನು ನಾವೇ ಹಾಕಿಕೊಳ್ಳಬೇಕಿತ್ತು. ಗೂಟ ಹೊಡೆಯುವುದು ನನಗೆ ಗೊತ್ತು, ಅಜ್ಜಿ ಮನೆಯಲ್ಲಿ ಕರು ಕಟ್ಟಲು ಹೊಡೆದಿದ್ದೇನೆ. ನೆಟ್ಟಗೆ ಹೊಡೆದೆ. ವಾಲಂಟಿಯರ್ ಹುಡುಗನೊಬ್ಬ ಬಂದು, ಗೂಟದ ತಲೆ ಟೆಂಟಿನಿಂದ ಆಚೆಗೆ ವಾಲಿರಬೇಕು, ಇಲ್ಲದಿದ್ದರೆ ಗಾಳಿಗೆ ಹಗ್ಗ ಎಳೆದಾಗ ಕಿತ್ತು ಬರುತ್ತದೆ ಅಂದ. ಕಿತ್ತು ಮತ್ತೆ ಹೊಡೆದೆ. ಟೆಂಟು ನಿಂತಿತು. ಅಕ್ಕಪಕ್ಕ ನಾಲ್ಕು ಹೆಜ್ಜೆ ಜಾಗ ಖಾಲಿ ಬಿಟ್ಟಿದ್ದರು. ಖಾಲಿ ಜಾಗ ಕಂಡರೆ ಸುಮ್ಮನಿರಲು ನಾನೇನು ಬೆಂಗಳೂರಿನವಳಲ್ಲವೇ? ನಮ್ಮ ಟೆಂಟಿನಿಂದ ಪಕ್ಕದ ಟೆಂಟಿಗೆ ಒಂದು ದಾರ ಕಟ್ಟಿ ಟವೆಲ್ ಒಣಹಾಕಿದೆ. ಹತ್ತೇ ನಿಮಿಷಕ್ಕೆ ಅದೇ ಹುಡುಗ ವಾಪಸ್ ಬಂದ. ಒಂದಕ್ಕೆ ಬೆಂಕಿ ಹತ್ತಿದರೆ ಇನ್ನೊಂದಕ್ಕೆ ಹಾರದಿರಲಿ, ಜನ ಓಡಲು ದಾರಿ ಇರಲಿ ಅಂತ ಬಿಟ್ಟ ಜಾಗ ಅದು, ಬಟ್ಟೆ ಒಣಹಾಕಲು ಅಲ್ಲ ಅಂದ. ಪಾಪ, ನಗುತ್ತಲೇ ಹೇಳಿದ.

ಮೂರನೇ ಸಲ ಬಂದಾಗ ನಗಲಿಲ್ಲ. ಸಂಜೆ ನಾನು ಒಳಗೆ ಸೊಳ್ಳೆ ಬತ್ತಿ ಹಚ್ಚಿಟ್ಟಿದ್ದೆ.

"ಆಂಟಿ, ಇದು ನೈಲಾನ್ ಬಟ್ಟೆ. ಹತ್ತಿಕೊಂಡ್ರೆ ಕರಗಿ ಮೈಮೇಲೇ ಬೀಳುತ್ತೆ."

"ಇದು ಉರಿಯಲ್ಲಪ್ಪ, ಬರೀ ಹೊಗೆ."

ಪುಟ್ಟಿ ಸೆಕೆಂಡ್ ಪಿಯುಸಿ, ಸೈನ್ಸ್. ಹೊಗೆ ಅಂದದ್ದೇ ತಡ, ಪಾಠ ಶುರುವಾಯಿತು. ಮುಚ್ಚಿದ ಜಾಗದಲ್ಲಿ ಇದ್ದಿಲೋ ಸ್ಟವ್ವೋ ಹಚ್ಚಿದರೆ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆಯೂ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಅದರ ಮೇಲೇ ಪ್ರೀತಿ. ಚಳಿ ಅಂತ ಟೆಂಟಿನೊಳಗೆ ಕೆಂಡ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳದೇ ಇದ್ದದ್ದುಂಟು. ಇದನ್ನು ಕೇಳುತ್ತಾ ನನಗೆ ಇದೇ ಪುಟ್ಟಿ ಹುಟ್ಟಿದಾಗಿನ ಬಾಣಂತಿ ಕೋಣೆ ನೆನಪಾಯಿತು. ಕಿಟಕಿ ಬಾಗಿಲು ಮುಚ್ಚಿ, ಮಂಚದ ಕೆಳಗೆ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ ಹಾಕಿದವಳು ನಾನೇ. ಬಾಯಿಗೆ ಬಂದದ್ದನ್ನು ನುಂಗಿಕೊಂಡು ಬತ್ತಿ ಆರಿಸಿದೆ.

ಸಂಗೀತದ ಬಗ್ಗೆ ಜಾಸ್ತಿ ಹೇಳಲಾರೆ. ಜೋರಾಗಿತ್ತು. ಎದೆಯೊಳಗೆ ಯಾರೋ ಚಟ್ನಿ ರುಬ್ಬಿದ ಹಾಗೆ. ಪುಟ್ಟಿ ಕಿವಿಗೆ ಹಾಕಿಕೊಳ್ಳಲು ಕೇಸರಿ ಬಣ್ಣದ ಸ್ಪಂಜಿನ ಬಿರಡೆ ಕೊಟ್ಟಳು. ಅದನ್ನು ಬೆರಳಲ್ಲಿ ಹೊಸೆದು ಬತ್ತಿಯಷ್ಟು ಸಣ್ಣ ಮಾಡಿ, ಕಿವಿ ಮೇಲಕ್ಕೆಳೆದು ಒಳಗಿಟ್ಟು, ಅದು ಉಬ್ಬುವ ತನಕ ಹಿಡಿದಿರಬೇಕು. ದೇವರ ಬತ್ತಿ ಹೊಸೆದ ಕೈ ನನ್ನದು, ಒಂದೇ ಸಲಕ್ಕೆ ಬಂತು. ಇಂಥ ಜಾಗದಲ್ಲಿ ಶಬ್ದ ಸರಾಸರಿ 100 ಡೆಸಿಬೆಲ್ ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆಯಂತೆ. ಬಿರಡೆ ಹಾಕಿದ ಮೇಲೆ ಹಾಡುಗಾರನ ಬಾಯಿ ಮಾತ್ರ ಕಾಣುತ್ತಿತ್ತು. ನನಗೆ ಹಿತವಾಯಿತು. ತೆಗೆಯಲೇ ಇಲ್ಲ.

ನಡುವೆ ಪುಟ್ಟಿ ಗ್ಲಾಸ್ಟನ್‌ಬರಿ ಕತೆ ಹೇಳಿದಳು, ಒಂದು ಬಿರಡೆ ತಾನೇ ಕಿತ್ತು. ಇಂಗ್ಲೆಂಡಿನಲ್ಲಿ ಮೈಕಲ್ ಈವಿಸ್ ಅನ್ನುವ ಹೈನುಗಾರ 1970ರಲ್ಲಿ ತನ್ನ ಜಮೀನಿನಲ್ಲೇ ಉತ್ಸವ ಶುರು ಮಾಡಿದ, ಟಿಕೆಟ್ ಒಂದು ಪೌಂಡ್, ಕುಡಿಯಲು ಹಾಲು ಪುಕ್ಕಟೆ. ಈಗ ಅದು ಜಗತ್ಪ್ರಸಿದ್ಧ. ನಮ್ಮ ರಾಮನವಮಿಗೆ ಟಿಕೆಟ್ಟೇ ಇಲ್ಲದೆ ಬೀದಿ ಬೀದಿಯಲ್ಲಿ ಪಾನಕ, ಮಜ್ಜಿಗೆ, ಕೋಸಂಬರಿ ಕೊಡುತ್ತಾರೆ. ನಾವು ಹೇಳಿಕೊಳ್ಳಲಿಲ್ಲ, ಅಷ್ಟೇ.

ಇನ್ನು ಟಾಯ್ಲೆಟ್ಟು. ಪ್ಲಾಸ್ಟಿಕ್ಕಿನ ನಿಂತ ಪೆಟ್ಟಿಗೆ, ಒಳಗೆ ನೀಲಿ ನೀರು, ಗೋಡೆಯಲ್ಲಿ ಪೇಪರ್. ಹೊರಗೆ ಕೈ ತೊಳೆಯಲು ನಲ್ಲಿ ಉಂಟು, ಒಳಗೆ ಒಂದು ತೊಟ್ಟು ನೀರಿಲ್ಲ. ಹೆಂಗಸರ ಸಾಲಿನಲ್ಲಿ ನಾನು ಚೊಂಬು ಹಿಡಿದು ನಿಂತಾಗ ಒಂದಿಬ್ಬರು ಹುಡುಗಿಯರು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಹೊರಬಂದಾಗ ಅವರಲ್ಲೊಬ್ಬಳು ಮೆಲ್ಲಗೆ, "ಆಂಟಿ, ಒಂದ್ಸಲ ಕೊಡ್ತೀರಾ?" ಅಂದಳು. ಆಮೇಲೆ ಆ ಚೊಂಬು ಒಂದು ಗಂಟೆ ನನ್ನ ಕೈಗೆ ಸಿಗಲಿಲ್ಲ. ಕೈಯಿಂದ ಕೈಗೆ ಹೋಗುತ್ತಲೇ ಇತ್ತು. ಬೇರೆ ಕಡೆ ಎಲ್ಲ ಚೊಂಬು ಕೊಟ್ಟರು ಅಂದರೆ ಮೋಸ ಹೋದೆವು ಅಂತ ಅರ್ಥ. ಅವತ್ತು ಚೊಂಬು ಕೊಟ್ಟವಳಿಗೆ ಅಷ್ಟೂ ಜನ ಥ್ಯಾಂಕ್ಸ್ ಹೇಳಿದರು.

ರಾತ್ರಿ 10ಕ್ಕೆ ಮೈಕು ಬಂದ್. 2000ನೇ ಇಸವಿಯ ಶಬ್ದ ಮಾಲಿನ್ಯದ ಕಾನೂನು, 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಒಳ್ಳೆಯ ಕಾನೂನು ಅಂದುಕೊಂಡು ಮಲಗಿದೆ. ಪಕ್ಕದ ಟೆಂಟಿನ ಗೊರಕೆಗೆ ಮಾತ್ರ ಯಾವ ಕಾನೂನೂ ಇರಲಿಲ್ಲ, ಬಿರಡೆ ಕಿವಿಯಲ್ಲೇ ಬಿಟ್ಟೆ. ಡಿಸೆಂಬರ್ ಚಳಿ. ಮಧ್ಯರಾತ್ರಿ ಎಚ್ಚರವಾಯಿತು. ಈ ವಯಸ್ಸಿನಲ್ಲಿ ಯಾಕೆ ಎಚ್ಚರವಾಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಪುಟ್ಟಿ ಬೆಚ್ಚಗೆ ಮಲಗಿದ್ದಳು. ಪಾಪ, ಮಗುವನ್ನು ಎಬ್ಬಿಸುವುದು ಬೇಡ ಅಂತ ಚೊಂಬು ತೆಗೆದುಕೊಂಡು ಒಬ್ಬಳೇ ಹೊರಟೆ. ಜಿಪ್ ಅರ್ಧಕ್ಕೆ ಸಿಕ್ಕಿಕೊಂಡಿತು, ಬಂದ ಮೇಲೆ ನೋಡೋಣ ಅಂತ ಹಾಗೇ ಬಿಟ್ಟೆ. ಟೆಂಟಿಗೆ ಗುರುತು ಕಟ್ಟಿರಲಿಲ್ಲ. ಆದರೆ ಮುಂದೆ ಒಂದು ಕಂದು ನಾಯಿ ಸುರುಳಿ ಸುತ್ತಿ ಮಲಗಿತ್ತು. ಅದನ್ನೇ ಗುರುತು ಇಟ್ಟುಕೊಂಡೆ. ಚಪ್ಪಲಿ ಕಳೆಯದವಳಿಗೆ ನಾಯಿ ಮರೆತೀತೇ?

ವಾಪಸ್ ಬರುವಾಗ ದಾರಿ ತಪ್ಪಿ ಬಯಲಿನ ಇನ್ನೊಂದು ಮೂಲೆಗೆ ಹೋದೆ. ಅಲ್ಲಿ ಕಂಡದ್ದನ್ನು ಹೇಗೆ ಹೇಳಲಿ. ಕತ್ತಲಲ್ಲಿ ನೂರಾರು ಜನ ಕುಣಿಯುತ್ತಿದ್ದರು, ಹಾಡಿಲ್ಲ, ತಾಳವಿಲ್ಲ. ಕಣ್ಣು ಮುಚ್ಚಿಕೊಂಡು, ತಲೆ ಆಡಿಸುತ್ತಾ, ಕೈ ಮೇಲೆತ್ತಿ. ಕಿವಿಯ ಬಳಿ ನೀಲಿ, ಹಸಿರು ದೀಪ. ಬಿರಡೆಯಿಂದ ಹೀಗಾಗಿದೆಯೇನೋ ಅಂತ ಒಂದನ್ನು ತೆಗೆದೆ. ಒಣಹುಲ್ಲಿನ ಮೇಲೆ ಕಾಲು ಸವರುವ ಸರಪರ ಸದ್ದು ಬಿಟ್ಟರೆ ಏನೂ ಇಲ್ಲ. ಒಬ್ಬ ಹುಡುಗ ಇದ್ದಕ್ಕಿದ್ದಂತೆ ಯಾವುದೋ ಹಾಡಿನ ಅರ್ಧ ಸಾಲನ್ನು ಕೆಟ್ಟ ಸ್ವರದಲ್ಲಿ ಕಿರುಚಿ ಸುಮ್ಮನಾದ. ಇಷ್ಟು ಜನಕ್ಕೆ ಒಟ್ಟಿಗೆ ಮೈಮೇಲೆ ದೇವರು ಬಂದದ್ದನ್ನು ನಾನು ಯಾವ ಜಾತ್ರೆಯಲ್ಲೂ ನೋಡಿರಲಿಲ್ಲ. ಬಿರಡೆ ವಾಪಸ್ ತುರುಕಿ, ರಾಮರಾಮ ಅನ್ನುತ್ತಾ ಬಂದ ದಾರಿಯಲ್ಲೇ ಓಡಿದೆ. ಹತ್ತು ಗಂಟೆಯ ಮೇಲೆ ಮೈಕು ಹಾಕುವಂತಿಲ್ಲವಲ್ಲ, ಅದಕ್ಕೆ ಎಲ್ಲರಿಗೂ ಹೆಡ್‌ಫೋನ್ ಕೊಟ್ಟು ಕುಣಿಸುತ್ತಾರೆ ಅಂತ ಗೊತ್ತಾದದ್ದು ಮಾರನೇ ದಿನ.

ಟೆಂಟುಗಳ ಸಾಲಿಗೆ ಬಂದರೆ ಎಲ್ಲವೂ ಒಂದೇ ಅಚ್ಚಿನ ಕಡುಬು. ನಾಯಿ ಎಲ್ಲೂ ಇಲ್ಲ. ಅಂದಾಜಿನ ಮೇಲೆ ಒಂದರ ಜಿಪ್ ಎಳೆದೆ. ಗಡ್ಡದ ಹುಡುಗನೊಬ್ಬ ಎದ್ದು ಕೂತ. ಕತ್ತಲಲ್ಲಿ ಕೂದಲು ಬಿಚ್ಚಿಕೊಂಡು ಚೊಂಬು ಹಿಡಿದು ನಿಂತ ಹೆಂಗಸನ್ನು ಕಂಡು ಅವನು ಏನೋ ಕೂಗಿದ. ಬಿರಡೆ ಇತ್ತು, ನನಗೆ ಕೇಳಿಸಲಿಲ್ಲ. "ಮಲಕ್ಕೊಳಪ್ಪ" ಅಂದೆ. ಅವನಿಗೆ ಇನ್ನೂ ಭಯವಾಯಿತು.

ಕೊನೆಗೆ ಅದೇ ವಾಲಂಟಿಯರ್ ಹುಡುಗ ಟಾರ್ಚ್ ಹಿಡಿದು ಬಂದ. ನನ್ನ ಮುಖ ನೋಡಿ ಒಂದು ನಿಟ್ಟುಸಿರು ಬಿಟ್ಟ, ಹೆಲ್ಪ್ ಡೆಸ್ಕಿಗೆ ಕರೆದುಕೊಂಡು ಹೋಗಿ ಕೂರಿಸಿದ. ಫೋನ್ ಟೆಂಟಿನಲ್ಲೇ ಇತ್ತು. ಟೆಂಟಿನ ನಂಬರು ನನಗೆ ಗೊತ್ತಿರಲಿಲ್ಲ. ಹೊದೆಯಲು ಕಂಬಳಿ, ಕುಡಿಯಲು ಬಿಸಿ ನೀರು ಕೊಟ್ಟರು. ಬಿರಡೆ ತೆಗೆದ ಮೇಲೆ ಅವನು ವಾಕಿಟಾಕಿಯಲ್ಲಿ ಹೇಳುತ್ತಿದ್ದದ್ದು ಕೇಳಿಸಿತು. "ಚೊಂಬು ಆಂಟಿ ಸಿಕ್ಕಿದ್ದಾರೆ. ಹೂಂ, ಅದೇ ಚೊಂಬು ಆಂಟಿ. ಸೇಫ್ ಆಗಿದ್ದಾರೆ."

ಪುಟ್ಟಿ ಅಷ್ಟರಲ್ಲಿ ನನ್ನನ್ನು ಹುಡುಕುತ್ತಾ ಮೂರು ಸಾಲು ತಿರುಗಿದ್ದಳಂತೆ, ದೊಡ್ಡಮ್ಮಾ ಅಂತ ಕೂಗುತ್ತಾ. ಅವಳನ್ನು ಎಬ್ಬಿಸಿದ್ದು ನಾಯಿ. ನಾನು ಬಿಟ್ಟು ಬಂದ ಜಿಪ್ಪಿನ ಸಂದಿಯಲ್ಲಿ ನುಗ್ಗಿ, ಮುಚ್ಚಳವಿಲ್ಲದ ಡಬ್ಬಿಯಿಂದ ಕೋಡುಬಳೆ ಮುಗಿಸಿ, ನನ್ನ ರಗ್ಗಿನಲ್ಲಿ ಮಲಗಿತ್ತು. ಮೊದಲು ಅದನ್ನು ದೊಡ್ಡಮ್ಮ ಅಂದುಕೊಂಡು ಇವಳು ರಗ್ಗು ಸರಿಮಾಡಿದ್ದಳಂತೆ. ಉಪ್ಪಿನಕಾಯಿ ಮಾತ್ರ ಮುಟ್ಟಿರಲಿಲ್ಲ.

ಹೆಲ್ಪ್ ಡೆಸ್ಕಿನಲ್ಲಿ ಒಂದು ಪುಸ್ತಕ ಇತ್ತು. ಸಿಕ್ಕಿದವರ ಹೆಸರು, ಹೊತ್ತು, ಕರೆದುಕೊಂಡು ಹೋಗುವವರ ಸಹಿ. ಪುಟ್ಟಿ ಸಹಿ ಹಾಕಿದಳು. 18 ತುಂಬಿಲ್ಲವಲ್ಲ ಅಂತ ಹೇಳಲು ಬಾಯಿ ತೆರೆದೆ. ವಾಲಂಟಿಯರ್ ಹುಡುಗ ನನ್ನನ್ನು ನೋಡಿದ. ಮುಚ್ಚಿಕೊಂಡೆ.

ಬೆಳಗ್ಗೆ ಸಿಗ್ನಲ್ ಬಂದ ಕೂಡಲೇ ತಂಗಿಯ ಫೋನು. ಪುಟ್ಟಿ ಸ್ಪೀಕರ್ ಹಾಕಿದಳು.

"ಎಲ್ಲಾ ಸರಿಯಾಗಿತ್ತೇನೇ? ರಾತ್ರಿ ಒಬ್ಬೊಬ್ರೇ ಎಲ್ಲೂ ತಿರುಗಾಡ್ಲಿಲ್ಲ ತಾನೆ?"

ನಾನು ಟವೆಲ್ ಮಡಚುತ್ತಿದ್ದೆ. ಪುಟ್ಟಿ ನನ್ನ ಕಡೆ ನೋಡದೇ ಹೇಳಿದಳು.

"ಇಲ್ಲಮ್ಮ. ಹುಷಾರಾಗಿ ನೋಡ್ಕೊಂಡೆ."